ಇಟ್ಟದ್ದು, ಕೊಟ್ಟದ್ದು

ವಿದ್ಯಾನಗರ, ದಾವಣಗೆರೆ
೯ ಅಕ್ಟೋಬರ್ ೨೦೨೫, ಗುರುವಾರ

ಪ್ರೀತಿಯ ಅಕ್ಕನಿಗೆ ರುದ್ರಮುನಿಯ ಶರಣು.

ಸತ್ತವರ ಕಾಗದ ಸತ್ತವರ ಜೊತೆಗೇ ಹೋಗಬೇಕು ಎಂದೆಯೋ, ಹೋಗಲಿ ಎಂದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅಪ್ಪನ ದೇಹವನ್ನು ಹೂವಿನ ವಿಮಾನದಲ್ಲಿ ಕೂರಿಸಿ ಇನ್ನೇನು ಹೆಗಲಿಗೆ ಎತ್ತಬೇಕು ಎನ್ನುವಾಗ ನನ್ನ ತೋಳು ಹಿಡಿದು ಪಡಸಾಲೆಯ ಮೂಲೆಗೆ ಎಳೆದುಕೊಂಡು ಹೋಗಿ ಹೇಳಿದ ಮಾತು ಅದು. ಅಟ್ಟದ ಮೇಲಿನ ಎರಡು ಟ್ರಂಕು ಕಾಗದವನ್ನು ಅಪ್ಪನ ಗುಣಿಯಲ್ಲೇ ಹಾಕಿ ಮಣ್ಣು ಎಳೆಯಬೇಕೆಂದು ನೀನು, ಅದು ಅಪ್ಪನ ಜೀವಮಾನದ ಕೆಲಸ, ಮುಟ್ಟಗೊಡುವುದಿಲ್ಲವೆಂದು ನಾನು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂಬತ್ತು ವರ್ಷ ಆ ಮಾತನ್ನು ‘ಹೋಗಬೇಕು’ ಎಂದೇ ನೆನಪಿಟ್ಟುಕೊಂಡು ಸಿಟ್ಟು ಸಾಕಿಕೊಂಡು ಬಂದೆ. ಹೋದ ವಾರದಿಂದ ‘ಹೋಗಲಿ’ ಎಂದಿದ್ದೆಯೇನೋ ಅನ್ನಿಸತೊಡಗಿದೆ. ಒಂದು ಅಪ್ಪಣೆ, ಇನ್ನೊಂದು ಬೇಡಿಕೆ. ನೀನು ಬೇಡಿದ್ದನ್ನು ನಾನು ಅಪ್ಪಣೆಯೆಂದು ಕೇಳಿಸಿಕೊಂಡೆನೋ ಏನೋ.

ಮೊದಲು ಆರೋಗ್ಯ ಕೇಳಬೇಕಿತ್ತು, ತಪ್ಪಾಯಿತು. ನಿನ್ನ ಮೊಣಕಾಲು ಹೇಗಿದೆ? ಭಾವನವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಸ್ನೇಹಾ ತಿಳಿಸಿದಳು. ನನಗೆ ಫೋನು ಮಾಡುತ್ತಾಳೆಂದು ಮಗಳನ್ನು ಬೈಯಬೇಡ. ಮಾವ ಎಂದು ಕರೆಯುವವರು ನನಗೆ ಬೇರೆ ಯಾರೂ ಇಲ್ಲ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಸ್ವಲ್ಪ ಹೆಚ್ಚು, ಮಾತು ಸ್ವಲ್ಪ ಕಡಿಮೆ, ಬೇರೇನೂ ತೊಂದರೆಯಿಲ್ಲ. ಇಲ್ಲಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್, ಅಷ್ಟಕ್ಕೆ ಸ್ಪೀಡ್ ಪೋಸ್ಟೇ ಎಂದು ಅಂಚೆ ಕಚೇರಿಯವರು ನಗಬಹುದು. ಆದರೆ ಫೋನು ನೀನು ಎತ್ತುವುದಿಲ್ಲ. ಮೂರು ವರ್ಷದ ಹಿಂದೆ ಬಾಗಿಲಿಗೇ ಬಂದಾಗ ಕಿಟಕಿಯ ಹಿಂದೆ ನಿಂತು ನೀನೇ ‘ಅವ್ರು ಮನಿಯಾಗಿಲ್ಲ’ ಎಂದೆ, ನಿನ್ನ ದನಿ ನನಗೆ ಗೊತ್ತೇ ಇಲ್ಲವೆಂಬಂತೆ. ಕಾಗದವಾದರೆ ಓದುತ್ತೀಯ. ಬರೆದದ್ದು ಕೈಗೆ ಸಿಕ್ಕ ಮೇಲೆ ಓದದೆ ಇರುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುವ ವಂಶ ನಮ್ಮದು.

ಕರೇಕಲ್ ಹಟ್ಟಿ ನಿನಗೆ ನೆನಪಿರಬೇಕು. ಬಾತಿ ದಾಟಿ ಒಳಕ್ಕೆ, ನಾಯಕರ ನಲವತ್ತು ಮನೆ, ಬೆನ್ನಿಗೆ ಗುಡ್ಡ. ಅಲ್ಲಿಯ ಹಿರಿಯರು ಹುಲಿಯಪ್ಪ ಮತ್ತು ಅವರ ಅಕ್ಕ ತಿಮ್ಮವ್ವ ಆಗಸ್ಟ್ ಕೊನೆಯಲ್ಲಿ ಕೋರ್ಟಿನ ಹತ್ತಿರದ ನಮ್ಮ ಕೋಣೆಗೆ ಬಂದರು. ಅಪ್ಪನ ಕುರ್ಚಿಯಲ್ಲೇ ಕೂತು ಅಪ್ಪನ ಕೆಲಸವನ್ನೇ ಮಾಡುತ್ತಿದ್ದೇನಲ್ಲ, ಹಳೆಯ ಮೋಡಿಬರಹದಂಥ ಕೂಡಕ್ಷರದ ಪತ್ರಗಳನ್ನು ಓದಿ ಈಗಿನ ಅಕ್ಷರಕ್ಕೆ ಇಳಿಸಿಕೊಡುವುದು. ಜನ ಅಪ್ಪನನ್ನು ರೈಟ್ರು ಬಕ್ಕೇಶಪ್ಪಾರು ಎನ್ನುತ್ತಿದ್ದರು. ನನಗೆ ಐವತ್ನಾಲ್ಕು ತುಂಬಿದರೂ ನಾನು ಸಣ್ಣ ರೈಟ್ರೇ. ತಿಮ್ಮವ್ವ ಕೈಚೀಲದಿಂದ ಒಂದು ಪ್ರೆಶರ್ ಕುಕ್ಕರ್ ತೆಗೆದು ಮೇಜಿನ ಮೇಲಿಟ್ಟರು. ಅಡುಗೆ ಏನಾದರೂ ತಂದಿದ್ದಾರೆಂದು ನಾನು ಸಂಕೋಚಪಟ್ಟೆ. ‘ಇದ್ರಾಗೆ ಇಲಿ ಹೋಗಲ್ಲ, ನೀರು ಹೋಗಲ್ಲ. ಸರ್ಕಾರ ಹೋದ್ರೂ ಸಿಳ್ಳೆ ಹೊಡಿತೈತೆ’ ಎನ್ನುತ್ತ ಮುಚ್ಚಳ ತಿರುಗಿಸಿದರು. ಒಳಗೆ ಹಳದಿ ರುಮಾಲಿನಲ್ಲಿ ಸುತ್ತಿದ ಕೌಲು ಇತ್ತು.

ಕೌಲು ಎಂದರೆ ಆಳುವವರೂ ಜನರೂ ಮಾತು ಕೊಟ್ಟು ಮಾತು ಪಡೆದ ಪತ್ರವೆಂದು ಅಪ್ಪ ನಮಗೆ ಹೇಳಿಕೊಟ್ಟಿದ್ದರು. ಈ ಕೌಲು ೧೮೩೨ರದು. ಮೈಸೂರು ಸೀಮೆ ಕಂಪನಿಯ ಕಮಿಷನರ ಕೈಗೆ ಹೋದ ಹೊಸತು, ನಗರದ ದಂಗೆಯ ಬೂದಿ ಇನ್ನೂ ಬಿಸಿಯಾಗಿದ್ದ ಕಾಲ. ಗುಡ್ಡದ ನಾಯಕರ ಕೈಯಲ್ಲಿ ಕೋವಿ ಇರುವುದು ಹೊಸ ದೊರೆಗಳಿಗೆ ಬೇಡವಾಗಿತ್ತು, ಗುಡ್ಡ ಹತ್ತಿ ಕಸಿದುಕೊಳ್ಳುವ ಧೈರ್ಯವೂ ಇರಲಿಲ್ಲ. ಹರಿಹರದ ದಂಡಿನ ಠಾಣ್ಯಕ್ಕೆ ಕರೆಸಿ, ಎದುರುಬದುರು ಕೂತು ಬರೆಸಿದ್ದಾರೆ. ಮುಖ್ಯವಾದದ್ದು ಎರಡೇ ಸಾಲು. ‘ನಲವತ್ತೊಂದು ಕೋವಿ ಹರಿಹರದ ಠಾಣ್ಯದಲ್ಲಿ’, ಆಮೇಲೆ ಒಂದು ಪದ, ಆಮೇಲೆ ‘ಯಿರುತ್ತೇವೆ. ಗುಡ್ಡ, ಗುಡ್ಡದ ಹುಲ್ಲು ಕಲ್ಲು ನೀರು ನಮ್ಮಲ್ಲಿ ಯಿರತಕ್ಕದ್ದು.’ ಆ ಒಂದು ಪದವಿರುವಲ್ಲಿ ಕಾಗದ ಮಡಿಚಿ ಮಡಿಚಿ ಸವೆದು ತೂತಾಗಿದೆ. ಮೊದಲ ಅಕ್ಷರ ಹೋಗಿದೆ. ಉಳಿದಿರುವುದು ‘ಟ್ಟು’.

ಹಟ್ಟಿಯವರ ಪ್ರಕಾರ ಅದು ‘ಯಿಟ್ಟು’. ಆಗ ಇಟ್ಟು ಎನ್ನುವುದನ್ನು ಹಾಗೆ ಬರೆಯುತ್ತಿದ್ದರು. ಎದುರಿನವರ ಪ್ರಕಾರ ‘ಕೊಟ್ಟು’. ಗುಡ್ಡದಲ್ಲಿ ಉಳಿದ ಅರ್ಧವನ್ನು ಸರ್ಕಾರಿ ಖರಾಬು ಎಂದು ತೋರಿಸಿ ಗೋದಾಮು ಕಟ್ಟುವವರೊಬ್ಬರಿಗೆ ಕೊಡುವ ಪ್ರಸ್ತಾಪ ಬಂದಿದೆ. ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಾಲುತ್ತಿಲ್ಲವಂತೆ. ಹಟ್ಟಿಯವರ ತಕರಾರಿನ ವಿಚಾರಣೆ ಬರುವ ಮಂಗಳವಾರ, ಹದಿನಾಲ್ಕಕ್ಕೆ. ಹಟ್ಟಿಯ ವಕೀಲ ಚೌಡೇಶ್ ಎಂಬ ಹುಡುಗ ಬುದ್ಧಿವಂತ, ಎರಡು ಮಾತಿನಲ್ಲಿ ನನಗೆ ತಿಳಿಸಿ ಹೇಳಿದ. ‘ಇಟ್ಟು ಅಂದ್ರೆ ಒಪ್ಪಂದ ಸಾರ್, ಎರಡೂ ಕಡೇದು. ನಿನ್ನ ಹತ್ರ ನಂದು ಐತೆ, ನನ್ನ ಹತ್ರ ನಿಂದು ಐತೆ. ಕೊಟ್ಟು ಅಂದ್ರೆ ಶರಣಾಗಿದ್ದು. ಶರಣಾದೋರಿಗೆ ಗುಡ್ಡ ಬಿಟ್ಟಿದ್ದು ದೊರೆ ದಯೆ. ದಯೆ ಯಾವಾಗ ಬೇಕಾದ್ರೂ ವಾಪಸ್ ತಗಬಹುದು.’ ನಾನು ಭೂತಗನ್ನಡಿಯಲ್ಲಿ ಆ ತೂತನ್ನು ನೋಡುತ್ತ ಕೂತೆ. ಬಿಟ್ಟು, ಸುಟ್ಟು, ನೆಟ್ಟು ಏನು ಬೇಕಾದರೂ ಆ ತೂತಿನಲ್ಲಿ ಹಿಡಿಸುತ್ತಿತ್ತು. ಸರಿಯಾದದ್ದು ಇಂಥದ್ದೇ ಎಂದು ಬರೆದುಕೊಟ್ಟು ರುಜು ಹಾಕಬೇಕಾದವನು ನಾನು.

ಎದುರಿನವರ ಹತ್ತಿರ ಒಂದು ಸಾಕ್ಷಿ ಇದೆ, ಅದು ಅಪ್ಪನದು. ೧೯೮೮ರಲ್ಲಿ ಇದೇ ಗುಡ್ಡದ ಬಗ್ಗೆ ತನಿಖೆಯಾದಾಗ, ಕೌಲು ಇನ್ನೂ ತೂತು ಬೀಳದೆ ಇದ್ದಾಗ, ಹಟ್ಟಿಯವರು ಅಪ್ಪನಿಂದಲೇ ನಕಲು ಮಾಡಿಸಿದ್ದರು. ಅಪ್ಪನ ಮೊಹರು, ರುಜು ಇರುವ ಆ ನಕಲಿನಲ್ಲಿ ‘ಕೊಟ್ಟು’ ಎಂದಿದೆ. ಅದರ ಮೇಲೆಯೇ ಗುಡ್ಡ ಸರ್ಕಾರದ್ದೆಂದು ತೀರ್ಮಾನವಾಗಿ, ಮಾರನೆಯ ವರ್ಷ ಕಲ್ಲಿನ ಕ್ವಾರಿ ಬಂತು, ಅರ್ಧ ಗುಡ್ಡ ಹೋಯಿತು. ಹುಲಿಯಪ್ಪ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ‘ನಿಮ್ಮಪ್ಪಾರು ಮೊದಲನೇ ದಿನ ನಮ್ಮೆದುರಿಗೆ ಗಟ್ಟಿಯಾಗಿ ಓದಿದ್ರು ಸಣ್ಣ ರೈಟ್ರೇ. ಯಿಟ್ಟು ಅಂತನೇ ಓದಿದ್ರು. ಅದು ಇನ್ನೂ ನನ್ನ ಕಿವಿಯಾಗೆ ಐತೆ. ಕಾಗದದ ಮ್ಯಾಲೆ ಬರೋ ಹೊತ್ತಿಗೆ ಹೆಂಗೆ ಬದ್ಲಾತೋ ಗೊತ್ತಿಲ್ಲ.’ ತಿಮ್ಮವ್ವನಿಗೆ ಆ ಸೌಜನ್ಯವಿಲ್ಲ. ‘ಗೊತ್ತಿಲ್ಲ ಅಂತೆ, ಗೊತ್ತಿಲ್ಲ! ಅವರಪ್ಪ ಒಂದಕ್ಷರ ನುಂಗಿದ್ರು, ನಮ್ದು ಅರ್ಧ ಗುಡ್ಡ ಹೊಟ್ಟೆಗೆ ಹೋತು. ಅಪ್ಪ ನುಂಗಿದ್ದನ್ನ ಮಗ ಕಕ್ಕಲಿ’ ಎಂದು ನನ್ನ ಮುಖಕ್ಕೇ ಹೇಳಿದರು. ಹುಲಿಯಪ್ಪ ‘ಸುಮ್ನಿರೇ ಅಕ್ಕ’ ಎಂದರೆ, ‘ಸುಮ್ನಿದ್ದಿದ್ದಕ್ಕೇ ಹಿಂಗಾಗಿದ್ದು, ನೀನು ಮುಚ್ಚು’ ಎಂದರು. ಎಪ್ಪತ್ತು ದಾಟಿದ ತಮ್ಮ ಬಾಯಿ ಮುಚ್ಚಿಕೊಂಡರು. ಅಕ್ಕ ತಮ್ಮಂದಿರು ಹಾಗೆ ಜಗಳವಾಡುವುದನ್ನು ಎಷ್ಟೋ ವರ್ಷದ ಮೇಲೆ ಹತ್ತಿರದಿಂದ ನೋಡಿದೆ.

ಅಪ್ಪ ಅಕ್ಷರ ನುಂಗುವವರಲ್ಲ ಎಂದು ಅವರಿಗೆ ಹೇಳಿದೆ. ತುಸು ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಪಕ್ಕದ ಕೋಣೆಯ ಟೈಪಿಸ್ಟ್ ಇಣುಕಿದ. ಅದಕ್ಕೆ ಹುಲಿಯಪ್ಪ, ಹಾಗಾದರೆ ಮಹಾನವಮಿಯ ಹಿಂದಿನ ದಿನ ನಮ್ಮ ಜೊತೆ ಹರಿಹರಕ್ಕೆ ಬನ್ನಿ, ಇಟ್ಟದ್ದು ಅಂದರೆ ಏನು ಅಂತ ನೋಡಿರಿ ಎಂದರು.

ಹೋದೆ. ಸೆಪ್ಟೆಂಬರ್ ಮೂವತ್ತು, ಬಸ್ಸಿನಲ್ಲಿ. ಹುಲಿಯಪ್ಪ ಬಿಳಿ ಪಂಚೆ, ಹಳದಿ ರುಮಾಲು ಸುತ್ತಿಕೊಂಡು ಮದುವೆಗೆ ಹೊರಟವರಂತೆ ಇದ್ದರು. ಹಳೆಯ ಠಾಣ್ಯ ಇದ್ದ ಜಾಗವೆಂದು ಹಟ್ಟಿಯವರು ನಂಬಿಕೊಂಡು ಬಂದಿರುವ ಕಡೆ ಈಗ ಮಕ್ತುಮ್ ಸಾಬರ ಲಾರಿ ಗ್ಯಾರೇಜಿದೆ. ಹುಲಿಯಪ್ಪ ಚಪ್ಪಲಿ ಬಿಟ್ಟು ಗೇಟಿನ ಮುಂದೆ ನಿಂತು ಮೂರು ಸಲ ಕೂಗಿದರು. ‘ಸರ್ಕಾರದೋರೇ, ನಮ್ಮ ಕೋವಿ ಕೊಡ್ರಿ, ನಾಳೆ ಪೂಜೆ ಐತೆ.’ ಲಾರಿಯ ಅಡಿಯಿಂದ ಮಕ್ತುಮ್ ಸಾಬರು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೊರಬಂದರು, ತಲೆಗೆ ಟೋಪಿ ಹಾಕಿಕೊಂಡರು, ಗಂಭೀರವಾಗಿ ‘ಈ ವರ್ಷ ಆಗಂಗಿಲ್ಲ ನಾಯಕ್ರೇ, ಮುಂದಿನ ವರ್ಷ ಬರ್ರಿ’ ಎಂದರು. ಆಮೇಲೆ ಇಬ್ಬರೂ ನಕ್ಕು, ಕೂತು ಚಹಾ ಕುಡಿದರು. ಅವರ ತಂದೆಗೂ ಹುಲಿಯಪ್ಪನ ತಂದೆಗೂ ಇದೇ ಮಾತು ನಡೆದಿತ್ತಂತೆ. ‘ನಮ್ ಅಬ್ಬಾ ಸಾಯೋವಾಗ ಗ್ಯಾರೇಜು ಕೊಟ್ರು, ಸರ್ಕಾರದ ಚಾರ್ಜೂ ಕೊಟ್ರು. ಪಗಾರ ಇಲ್ಲ, ಪಿಂಚಣಿ ಇಲ್ಲ, ವರ್ಷಕ್ಕೆ ಒಂದು ಅರ್ಜಿ. ಇಂಥಾ ಆರಾಮಿನ ಸರ್ಕಾರ ಎಲ್ಲೈತ್ರೀ?’ ಎಂದು ಮಕ್ತುಮ್ ಸಾಬರು ನನ್ನ ಕಡೆ ತಿರುಗಿ ಹೇಳಿದರು.

ಮೊದಲ ಕೆಲವು ವರ್ಷ ಠಾಣ್ಯದವರು ನಿಜವಾಗಿಯೂ ಮಹಾನವಮಿಗೆ ಒಂದು ದಿನದ ಮಟ್ಟಿಗೆ ಕೋವಿಗಳನ್ನು ಹೊರಗೆ ಕೊಡುತ್ತಿದ್ದರೆಂದು ಹಟ್ಟಿಯ ಮಾತು. ಪೂಜೆ ಮಾಡಿ ಸಂಜೆಗೆ ತಿರುಗಿ ಇಟ್ಟು ಬರುವುದು. ಆಮೇಲೆ ದಂಡು ಬೇರೆ ಕಡೆ ಹೋಯಿತು, ಕೋವಿ ಎಲ್ಲಿ ಹೋದವೋ ತಿಳಿಯದು. ಕೇಳುವುದು ಮಾತ್ರ ನಿಲ್ಲಲಿಲ್ಲ. ಇಲ್ಲದ ಕೋವಿಯನ್ನು ಗ್ಯಾರೇಜಿನಲ್ಲಿ ಕೇಳಿ ಏನು ಪ್ರಯೋಜನ ಎಂದೆ. ನನ್ನಂಥವನ ಬಾಯಲ್ಲಿ ಬರುವ ಪ್ರಶ್ನೆ ಅದು. ಹುಲಿಯಪ್ಪ ಸಾಸರಿನ ಚಹಾ ಮುಗಿಸಿ, ‘ಕೇಳೋದು ಬಿಟ್ರೆ ಇಟ್ಟಿದ್ದೂ ಕೊಟ್ಟಂಗೇ ಆತದೆ’ ಎಂದರು. ಮಾರನೆಯ ದಿನ ಹಟ್ಟಿಗೂ ಹೋಗಿದ್ದೆ. ನಲವತ್ತೊಂದು ಗುಂಡಿ ಕೊರೆದ ಉದ್ದನೆಯ ಮತ್ತಿಮರದ ಹಲಗೆ, ಕೋವಿಯ ಹಿಡಿ ಊರುವುದಕ್ಕೆ ಮಾಡಿದ್ದು. ಒಂದೊಂದು ಗುಂಡಿಗೂ ತಿಮ್ಮವ್ವ ಕುಂಕುಮ, ಚೆಂಡುಹೂವು ಇಡುತ್ತ ಹೋದರು. ಊರೆಲ್ಲ ಟ್ರಾಕ್ಟರು, ಬೈಕು, ಮಿಕ್ಸಿಗೆ ಪೂಜೆ ಮಾಡುತ್ತಿದ್ದ ದಿನ ಆ ನಲವತ್ತು ಮನೆಯವರು ಖಾಲಿ ಹಲಗೆಗೆ ಕೈಮುಗಿದು ನಿಂತಿದ್ದರು. ಹಿಂದೆ ಗುಡ್ಡ, ಅರ್ಧ ತಿಂದು ಬಿಟ್ಟ ರೊಟ್ಟಿಯಂತೆ.

ಹರಿಹರದಿಂದ ಹಿಂತಿರುಗುವ ಮೊದಲು ನಿನ್ನ ಬೀದಿಗೆ ಬಂದಿದ್ದೆ. ಹುಲಿಯಪ್ಪನನ್ನು ಬಸ್ ಹತ್ತಿಸಿ, ಒಬ್ಬನೇ. ನೀನು ಗೇಟಿನಲ್ಲಿ ಹೂವಿನವಳ ಜೊತೆ ಜಗಳಕ್ಕೆ ನಿಂತಿದ್ದೆ. ‘ನಿನ್ನ ಮೊಳ ವರ್ಷಾ ವರ್ಷಾ ಸಣ್ಣದಾಗ್ತೈತಲ್ಲೇ, ಕೈ ಏನು ಬತ್ತಿ ಹೋತೇನು?’ ಎಂದು ನಿನ್ನ ತೋಳನ್ನೇ ಚಾಚಿ ಅಳೆದು ತೋರಿಸಿದೆ. ಅವಳು ನಕ್ಕು ಎರಡು ಗೇಣು ಹೆಚ್ಚು ಕೊಟ್ಟಳು. ಕೂದಲು ಪೂರ್ತಿ ಬೆಳ್ಳಗಾಗಿದೆ ನಿನಗೆ. ಎದುರಿನ ಜೆರಾಕ್ಸ್ ಅಂಗಡಿಯ ಬಳಿ ನಿಂತು ಇದಿಷ್ಟನ್ನೂ ನೋಡಿ ಮಾತಾಡಿಸದೆ ಹೊರಟುಬಂದೆ. ಮಾತಾಡಿಸಿದ್ದರೆ ಕ್ವಾರಿಯ ವಿಷಯ ಬರುತ್ತಿತ್ತು. ನಿಮ್ಮ ಮನೆಯ ಬುನಾದಿಗೆ ಹಾಕಿದ್ದು ಕರೇಕಲ್ಲಿನ ಕಲ್ಲು ಎಂದು ನಿನ್ನ ಮಾವ ಗೃಹಪ್ರವೇಶದ ದಿನ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದು ಆ ಹೊತ್ತಿಗೆ ನೆನಪಾಗಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದೆ.

ವಿಜಯದಶಮಿಯ ದಿನ ಅಟ್ಟ ಹತ್ತಿದೆ. ಬನ್ನಿ ಕೊಡಲು ಬಂದವರು ಕೆಳಗೆ ಬಾಗಿಲು ಬಡಿಯುತ್ತಿದ್ದರು. ನೀನು ಹೂಳಿಸಬೇಕೆಂದಿದ್ದ ಟ್ರಂಕುಗಳನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ, ಉಳಿಸಿಕೊಂಡದ್ದೇ ಸಾಕಾಗಿತ್ತು. ಎರಡನೆಯ ಟ್ರಂಕಿನಲ್ಲಿ ೮೮ರ ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಅಪ್ಪನ ಕ್ರಮ ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಬರೆಯುವಾಗ ನನಗೇ ಸ್ಪಷ್ಟವಾಗುತ್ತದೆ. ಮೂಲವನ್ನು ಕಣ್ಣಿಗೆ ಹತ್ತಿರ ಹಿಡಿದು ಅಪ್ಪ ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸುವುದು. ಅನುಮಾನವಿದ್ದ ಪದದ ಕೆಳಗೆ ಒಂದು ಚುಕ್ಕೆ. ಆ ನೋಟ್‌ಬುಕ್ ನೋಡಿಕೊಂಡು ನೀನು ಮಸಿಯಲ್ಲಿ ಶುದ್ಧ ಪ್ರತಿ ಬರೆಯುವುದು, ಅಪ್ಪನ ಕೈ ಆಗಲೇ ನಡುಗುತ್ತಿತ್ತು. ಆಮೇಲೆ ತಾಳೆ ನೋಡುವುದು: ಒಬ್ಬರು ನೋಟ್‌ಬುಕ್ಕಿನಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲಿಗೂ ಹೂಂ ಎನ್ನಬೇಕು. ಕೊನೆಗೆ ಅಪ್ಪ, ಕಣ್ಣಿಗೆ ಪೊರೆ ಬಂದಿದ್ದರಿಂದ, ನಾವು ಬೆರಳು ತೋರಿಸಿದ ಜಾಗದಲ್ಲಿ ರುಜು ಹಾಕುವುದು.

ಪೆನ್ಸಿಲಿನಲ್ಲಿ ‘ಯಿಟ್ಟು’ ಎಂದಿದೆ ಅಕ್ಕ. ಕೆಳಗೆ ಚುಕ್ಕೆಯಿಲ್ಲ. ಆ ಪುಟದ ಅಂಚಿನಲ್ಲಿ ಎಣ್ಣೆಯ ಕಲೆ ಇದೆ. ಮಾವ ಬಂದ ದಿನ ನಮ್ಮ ಮನೆಗೆ ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತಿತ್ತು. ಬೇರೆ ದಿನ ಅಪ್ಪ ಕಾಗದದ ಹತ್ತಿರ ಎಣ್ಣೆ ಪದಾರ್ಥ ಬಿಡುತ್ತಿರಲಿಲ್ಲ.

ಸೋಮವಾರ ಚೌಡೇಶ್ ೮೮ರ ನಕಲಿನ ಪ್ರತಿ ತಂದುಕೊಟ್ಟ. ಅದರಲ್ಲಿ ‘ಕೊಟ್ಟು’ ದುಂಡಗೆ, ಸ್ಪಷ್ಟವಾಗಿ, ಎಲ್ಲೂ ತಿದ್ದದೆ ಇದೆ. ಒತ್ತಕ್ಷರದ ಬಾಲವನ್ನು ಎಡಕ್ಕೆ ಉದ್ದ ಎಳೆದು ನಿಲ್ಲಿಸುವ ಕೈ ಯಾರದೆಂದು ನಿನಗೆ ನಾನು ಹೇಳಬೇಕಿಲ್ಲ. ಈ ಲಕೋಟೆಯ ಒಳಗೆ ಅದರ ಜೆರಾಕ್ಸ್ ಇಟ್ಟಿದ್ದೇನೆ. ಮಾವ ಆ ವರ್ಷ ಗುಡ್ಡದ ಕಲ್ಲಿಗೆ ಅರ್ಜಿ ಹಾಕಿದ್ದರೆಂಬುದು ನನಗೆ ಆಗ ತಿಳಿದಿರಲಿಲ್ಲ. ಮಗನಿಗೆ ನಿನ್ನನ್ನು ತಂದುಕೊಳ್ಳುತ್ತೇನೆಂಬ ಮಾತನ್ನು ಅವರು ಮೂರು ಯುಗಾದಿ ಮುಂದಕ್ಕೆ ಹಾಕಿದ್ದು ತಿಳಿದಿತ್ತು. ನೀನು ಅಡುಗೆಮನೆಯ ಬಾಗಿಲಿಗೆ ಒರಗಿ ಅವರ ಮಾತಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ನಿನಗೆ ಇಪ್ಪತ್ತೊಂದು. ೮೯ರ ಮಾಘದಲ್ಲಿ ಕ್ವಾರಿಯ ಲೀಸು, ವೈಶಾಖದಲ್ಲಿ ನಿನ್ನ ಮದುವೆ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಬಾರದೆಂದು ನಾಲ್ಕು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅಪ್ಪನೇ ಹೇಳಿ ಬರೆಸಿರಬಹುದು. ಮಾವ ಹೇಳಿರಬಹುದು. ಸರ್ಕಾರಕ್ಕೆ ಕೋವಿ ಎಂದ ಮೇಲೆ ‘ಕೊಟ್ಟು’ ಎನ್ನುವುದು ಯಾರ ಕೈಗೂ ತಾನಾಗಿ ಬರುವ ಪದ, ಸುಮ್ಮನೆ ಜಾರಿರಲೂಬಹುದು.

ನೋಟ್‌ಬುಕ್ ಸದ್ಯ ನನ್ನ ಮುಂದಿದೆ. ಯಾರಿಗೂ ತೋರಿಸಿಲ್ಲ. ಒಂದು ದಾರಿ, ತೂತಿನಲ್ಲಿ ಏನಿತ್ತೆಂದು ಹೇಳಲಾಗದು ಎಂದು ಬರೆದುಕೊಟ್ಟು ಸುಮ್ಮನಾಗುವುದು. ಅದು ಸುಳ್ಳೂ ಅಲ್ಲ. ನಿನ್ನ ಹೆಸರು ಬರುವುದಿಲ್ಲ, ಅಪ್ಪನ ರುಜು ಹಾಗೇ ಇರುತ್ತದೆ, ಭಾವನವರು ಈ ವಯಸ್ಸಿನಲ್ಲಿ ಹೊಸದೇನನ್ನೂ ತಿಳಿಯಬೇಕಾಗುವುದಿಲ್ಲ. ಗುಡ್ಡದ ಉಳಿದರ್ಧ ಹೋಗುತ್ತದೆ, ಅಷ್ಟೇ. ಜೀವಮಾನವಿಡೀ ನಾನು ಇಂಥ ದಾರಿಗಳನ್ನೇ ಹಿಡಿದವನು. ಇನ್ನೊಂದು ದಾರಿ ಬರೆಯುವುದಕ್ಕೆ ಕೈ ಬರುತ್ತಿಲ್ಲ. ತಿಮ್ಮವ್ವ ನಿನ್ನೆ ಕೋಣೆಗೆ ಬಂದವರು ಏನೂ ಕೇಳದೆ ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದರು. ಹೋಗುವಾಗ ಮಾತ್ರ ‘ನಾಳೆನೂ ಬರ್ತೀನಿ, ಸಣ್ಣ ರೈಟ್ರೇ. ನಮಗೇನು, ಕೇಳೋದು ರೂಢಿ ಐತೆ’ ಎಂದರು. ಇವತ್ತೂ ಬಂದು ಕೂತು ಹೋದರು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು, ಕಣ್ಣಿಗೆ ಧೂಳು ತಾಗದಂತೆ ನೋಡಿಕೊಳ್ಳಲಿ. ಸ್ನೇಹಾಳಿಗೆ ಆಶೀರ್ವಾದ. ಮೊಣಕಾಲಿಗೆ ಆ ಪೇಟೆಯ ಎಣ್ಣೆ ಹಚ್ಚಬೇಡ, ಬಿಸಿ ಉಪ್ಪಿನ ಶಾಖ ಸಾಕು. ಹೂವಿನವಳನ್ನು ಅಷ್ಟು ಗದರಬೇಡ, ಅವಳ ಮೊಳ ಸರಿಯಾಗಿಯೇ ಇತ್ತು, ನಿನ್ನ ತೋಳೇ ಉದ್ದ. ಅಪ್ಪನೂ ಅದನ್ನೇ ಹೇಳುತ್ತಿದ್ದರು.

ನಿನ್ನ ತಮ್ಮ,
ರುದ್ರಮುನಿ

ತಾ.ಕ. ಶುಕ್ರವಾರ ಬೆಳಿಗ್ಗೆ. ಅಂಚೆಗೆ ಹೊರಟವನು ನಿಂತು ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ. ನಾನು ಕೋಣೆಯ ಬಾಗಿಲು ತೆಗೆಯುವ ಮೊದಲೇ ತಿಮ್ಮವ್ವ ಬಂದಿದ್ದರು. ನೋಟ್‌ಬುಕ್ಕನ್ನು ಅವರ ಕುಕ್ಕರಿನಲ್ಲಿ ಇಟ್ಟೆ. ಕೊಟ್ಟಿಲ್ಲ, ಇಟ್ಟಿದ್ದೇನೆ ಎಂದೆ. ಆಕೆ ನಕ್ಕಿದ್ದು ಇದೇ ಮೊದಲು. ಮಂಗಳವಾರ ಅದು ಹೊರಗೆ ಬರುತ್ತದೆ. ನಿನಗೆ ಕಳಿಸಿದ ಜೆರಾಕ್ಸಿನ ಕೆಳತುದಿ ನೋಡು. ‘ತಾಳೆ ನೋಡಿದೆ, ರು.’ ಎಂದಿದೆ. ಅದು ನನ್ನ ಕೈ. ಇಷ್ಟುದ್ದ ಬರೆದು ಇದೊಂದನ್ನೇ ಬಿಟ್ಟಿದ್ದೆ. ಪಿಯುಸಿ ಪರೀಕ್ಷೆಯ ವರ್ಷ, ತೊಡೆಯ ಮೇಲೆ ಕೆಮಿಸ್ಟ್ರಿ ಪುಸ್ತಕ ಇಟ್ಟುಕೊಂಡು ನಿನ್ನ ದನಿ ನಿಂತಲ್ಲೆಲ್ಲ ಹೂಂ ಎನ್ನುತ್ತಿದ್ದೆ, ಬೆರಳು ಪ್ರತಿಯ ಮೇಲಿರುತ್ತಿತ್ತು, ಕಣ್ಣು ಇರುತ್ತಿರಲಿಲ್ಲ. ನೋಡದೆ ಹೂಂ ಎಂದೆನೆಂದು ಮಂಗಳವಾರ ನಾನೇ ಎದ್ದು ಹೇಳುತ್ತೇನೆ. ಓದಿದ್ದು ಯಾರು ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ, ಆಗ ಹೆಸರು ಹೇಳಬೇಕಾಗುತ್ತದೆ. ಅದಕ್ಕೆ ಮೊದಲು, ಕೋರ್ಟಿಗಲ್ಲ, ನನಗೆ ತಿಳಿಯಬೇಕು. ನೋಟ್‌ಬುಕ್ಕಿನಲ್ಲಿದ್ದಂತೆಯೇ ಓದಿದ್ದರೆ, ಪ್ರತಿಯಲ್ಲಿ ಬೇರೆ ಇರುವುದನ್ನು ಹಿಡಿದು ನಾನು ತಡೆಯಲೆಂದು ಒಂದು ಗಳಿಗೆ ಕಾದಿದ್ದೀಯ ಎಂದಾಯಿತು, ತಡೆಯದೆ ಹೋದವನು ನಾನು. ಆ ಸಾಲಿಗೆ ಬಂದಾಗ ನಿನ್ನ ಬಾಯಿಂದ ಬಂದದ್ದು ‘ಯಿಟ್ಟು’ ಎಂದೋ, ‘ಕೊಟ್ಟು’ ಎಂದೋ, ಅಕ್ಕಾ?